ಫೋನಿಗೊಂದು ಒಡಪು

ಗಡಹಿಂಗ್ಲಜದ ಪೇಟೆಯಲ್ಲಿ ಪರಪ್ಪನಷ್ಟು ಮೆಣಸಿನಕಾಯಿ ಬಲ್ಲವನೂ ಇರಲಿಲ್ಲ, ಪರಪ್ಪನಷ್ಟು ಮಾತಿಗೆ ಬಡವನೂ ಇರಲಿಲ್ಲ. ಒಂದು ಕಾಯಿ ಮುರಿದು ಮೂಸಿದನೆಂದರೆ ಅದು ಯಾವ ಊರಿನ ಹೊಲದ್ದು, ಎಷ್ಟು ಬಿಸಿಲು ಕಂಡಿದೆ ಎಂಬುದೆಲ್ಲ ಅವನಿಗೆ ತಿಳಿದುಬಿಡುತ್ತಿತ್ತು. ತಿಳಿಯುತ್ತಿತ್ತು ಅಷ್ಟೇ. ಅದನ್ನು ಇನ್ನೊಬ್ಬರಿಗೆ ಹೇಳುವುದು ಅವನಿಂದಾಗದ ಕೆಲಸ.

ಹಳೆಯ ಪೇಟೆಯಲ್ಲಿ ಇದು ಕೊರತೆಯೆನಿಸಿರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ವಸ್ತ್ರದಡಿ ಕೈಯಿಟ್ಟು, ಬೆರಳು ಹಿಡಿದು ಧಾರಣೆ ಮುಗಿಸುತ್ತಿದ್ದರು. ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗೆ ಹಿಡಿದ ಬೆರಳನ್ನು ಮರುದಿನ ಇಲ್ಲವೆಂದವನು ಆ ಪೇಟೆಯಲ್ಲಿ ಹುಟ್ಟಿರಲಿಲ್ಲ. ಆಮೇಲೆ ಫೋನು ಬಂತು. ತಂತಿಯೊಳಗೆ ಕೈ ಹಾಕಿ ಬೆರಳು ಹಿಡಿಯಲು ಬರುತ್ತದೆಯೇ? ಕೊಲ್ಹಾಪುರದ ವ್ಯಾಪಾರಿ ಆ ಕಡೆಯಿಂದ "ಮಾಲ ಐತೇನು?" ಎಂದು ಕೇಳಿದರೆ ಪರಪ್ಪ ಈ ಕಡೆ ಗಟ್ಟಿಯಾಗಿ ತಲೆಯಾಡಿಸುತ್ತಿದ್ದ. ಆ ಕಡೆಯವರು "ಹಲೋ, ಹಲೋ" ಎಂದು ಅರಚುತ್ತಿದ್ದರು. ಇವನು ಇನ್ನೂ ಜೋರಾಗಿ ತಲೆಯಾಡಿಸುತ್ತಿದ್ದ.

ಮೂರು ದಿನ ಇದನ್ನು ನೋಡಿದ ಹೆಂಡತಿ ಗುರುಸಿದ್ದವ್ವ ನಾಲ್ಕನೆಯ ದಿನ ಅಂಗಡಿಯ ಹಿಂದಿನ ಮನೆಯಿಂದ ಎದ್ದು ಬಂದು ಫೋನು ಕಸಿದುಕೊಂಡಳು.

"ಹೂಂ ಅನ್ನಾಕತ್ತಾರ್ರಿ ಅವರು! ತಲಿ ಹಾಕಾಕತ್ತಾರ, ನಿಮಗ ಕಾಣವಲ್ದು!"

ಅಂದಿನಿಂದ ಫೋನಿನ ಪಕ್ಕದ ಕುರ್ಚಿ ಅವಳದಾಯಿತು. ತವರು ಮಹಾಗಾಂವ, ಗಂಡನ ಮನೆ ಗಡಹಿಂಗ್ಲಜ. ನಡುವಿನ ಬಂಡಿ ದಾರಿಯಷ್ಟೇ ಅವಳು ಕಂಡ ಜಗತ್ತು. ಈಗ ಕುಳಿತಲ್ಲೇ ಇಚಲಕರಂಜಿ ಮಾತಾಡುತ್ತಿತ್ತು, ಆಜರಾ ಕೆಮ್ಮುತ್ತಿತ್ತು, ಕೊಲ್ಹಾಪುರ ನಗುತ್ತಿತ್ತು. ಗಂಟೆ ಬಾರಿಸಿದರೆ ಸಾಕು, ಅವಳ ಎದೆ ಜಿಗಿಯುತ್ತಿತ್ತು. ರೊಟ್ಟಿ ಹೆಂಚಿನ ಮೇಲೆ ಕರಕಾದರೂ ಚಿಂತೆಯಿಲ್ಲ, ಎರಡನೆಯ ಗಂಟೆಯಾಗಲು ಅವಳು ಬಿಡುತ್ತಿರಲಿಲ್ಲ.

ಇದನ್ನು ಸಹಿಸದವನು ಪರಪ್ಪನ ಅಣ್ಣ ಬಸಗೊಂಡ. ಅವನ ಅಂಗಡಿ ಗೋಡೆಗೆ ಗೋಡೆ ಹತ್ತಿಕೊಂಡೇ ಇತ್ತು. ತಮ್ಮನ ಹೆಂಡತಿಯೊಂದಿಗೆ ನೇರ ಮಾತಾಡುವುದು ಹಿರಿಯನಿಗೆ ಶೋಭೆಯಲ್ಲವೆಂದು ಅವನು ಏನಿದ್ದರೂ ಕಂಬಕ್ಕೆ ಹೇಳುತ್ತಿದ್ದ. "ಮನಿ ಹೆಣಮಗಳು ಪರ ಗಂಡಸರ ಕೂಡ ತಂತಿ ಮ್ಯಾಲ ಮಾತಾಡ್ತಾಳ. ನಡೀಲಿ, ನಡೀಲಿ. ಒಂದಿನ ತಪ್ಪತೈತಿ, ಅವತ್ತ ನೋಡ್ಕೋತೇನಿ," ಎನ್ನುತ್ತಿದ್ದ. ಕಂಬ ಪಾಪ ಏನು ಮಾಡೀತು.

ಫೋನು ತಂದ ಪಿಡುಗು ಇನ್ನೊಂದಿತ್ತು. ಧಾರಣೆ ಇಳಿಯಿತೆಂದರೆ ಎಂಥೆಂಥ ದೊಡ್ಡವರೂ "ನಾ ಎಲ್ಲಿ ಹಂಗ ಅಂದೆ?" ಎನ್ನಲು ಕಲಿತರು. ಬೆರಳಿಗಿದ್ದ ಮರ್ಯಾದೆ ನಾಲಿಗೆಗೆ ಇರಲಿಲ್ಲ. ಪರಪ್ಪ ಒಂದು ದಿನ ಯಾರಿಗೂ ಹೇಳದೆ ಇಚಲಕರಂಜಿಗೆ ಹೋಗಿ, ಅಲ್ಲಿಯ ಮಗ್ಗದ ಮಾಲಕನೊಬ್ಬನಿಂದ ಟೇಪ್ ರಿಕಾರ್ಡರ್ ಕೊಂಡು ತಂದ. ಮಾಲಕ ಅದನ್ನು ತಂದದ್ದು ತನ್ನ ಭಜನೆ ಕೇಳಿಕೊಳ್ಳಲು. ಕೇಳಿದ್ದೆಲ್ಲ ಮಗ್ಗದ ಖಟಾಖಟ್ ಎಂದು ಬೇಸತ್ತು ಮಾರಿಬಿಟ್ಟಿದ್ದ. ಅದಕ್ಕೊಂದು ರಬ್ಬರಿನ ಬಟ್ಟಲು ಇತ್ತು. ಫೋನಿನ ಬೆನ್ನಿಗೆ ಅಂಟಿಸಿ ತಿರುಪು ತಿರುಗಿಸಿದರೆ ಎರಡೂ ಕಡೆಯ ಮಾತು ಸುರುಳಿಗೆ ಸುತ್ತಿಕೊಳ್ಳುತ್ತಿತ್ತು.

ಎಂಟು ದಿನ ಯಾರಿಗೂ ಹೇಳದೆ ತುಂಬಿಸಿಕೊಂಡರು. ಒಂಬತ್ತನೆಯ ದಿನ ಸಂತೆ. ಪರಪ್ಪ ಹೆಮ್ಮೆ ತಡೆಯಲಾರದೆ ಯಂತ್ರವನ್ನು ಅಂಗಡಿಕಟ್ಟೆಗೆ ತಂದು ತಿರುಪಿದ. ಜನ ಮುತ್ತಿದರು. ಒಳಗಿನಿಂದ ಉತ್ತೂರಿನ ವ್ಯಾಪಾರಿ ಅಲ್ಲಪ್ಪನ ದನಿ ಬಂತು.

"ಆ ಧನಪಾಲನ ತಕ್ಕಡಿ ಅಂದ್ರ ಅವನ ಹೊಟ್ಟಿ ಇದ್ದಂಗ್ರಿ, ಯಾವಾಗ್ಲೂ ಒಂದ ಕಡೆ ಜೋಲತೈತಿ!"

ಧನಪಾಲ ವ್ಯಾಪಾರಿ ಸಂಘದ ಅಧ್ಯಕ್ಷ. ಎರಡು ಮಾರು ದೂರದಲ್ಲಿ ನಿಂತು ಎಲೆ ಕೊಳ್ಳುತ್ತಿದ್ದ. ಸಂತೆಗೆ ಸಂತೆಯೇ ಅವನ ಹೊಟ್ಟೆ ನೋಡಿತು.

ಎಂಟು ದಿನದೊಳಗೆ ಸಂಘದ ಸಭೆ ಕರೆದರು. ಕೊಲ್ಹಾಪುರದ ವಕೀಲರೊಬ್ಬರನ್ನು ಕೇಳಿದ್ದಾಯಿತು. "ಫೋನಿಗೆ ಯಂತ್ರ ಅಂಟಿಸೋದರ ಬಗ್ಗೆ ನನ್ನ ಪುಸ್ತಕದಾಗ ಏನೂ ಸಿಗವಲ್ದು. ನೀವs ಒಂದು ನಿಯಮ ಮಾಡ್ಕೊಳ್ರಿ," ಎಂದು ಅವರು ಕೈ ತೊಳೆದುಕೊಂಡರು. ಸಂಘ ಮಾಡಿಕೊಂಡಿತು. ಗುಮಾಸ್ತ ಎದ್ದು ನಿಂತು ಓದಿದ:

"ಫೋನಿನ ಮಾತನ್ನು ಯಂತ್ರದಲ್ಲಿ ಹಿಡಿಯುವ ಪ್ರತಿಯೊಬ್ಬ ವ್ಯಾಪಾರಿಯ ಕಡೆಯವರು, ವ್ಯವಹಾರದ ಮಾತು ಆರಂಭವಾಗುವ ಮೊದಲೇ, ಅಂಗಡಿಯ ಮಾಲಕನ ಹೆಸರನ್ನೂ ಮಾತು ಯಂತ್ರದಲ್ಲಿ ಉಳಿಯುವ ಸಂಗತಿಯನ್ನೂ ಬಾಯಿಬಿಟ್ಟು ತಿಳಿಸತಕ್ಕದ್ದು. ತಿಳಿಸದೆ ಹಿಡಿದ ಮಾತು ಆಡಿದ ಮಾತಲ್ಲ. ತಪ್ಪಿದಲ್ಲಿ, ಫೋನು ಹಿಡಿದವರು ಮತ್ತೆ ಫೋನು ಮುಟ್ಟತಕ್ಕದ್ದಲ್ಲ."

"ಬಾಯಿಬಿಟ್ಟು" ಎಂಬ ಮಾತನ್ನು ಸೇರಿಸಿದ್ದು ಪರಪ್ಪನನ್ನು ಕಂಡೇ. ಕಡೆಯ ಸಾಲನ್ನು ಸೇರಿಸಿದವನು ಬಸಗೊಂಡ.

ನಿಯಮ ಕೇಳಿ ಗುರುಸಿದ್ದವ್ವ ಚಿಂತೆಗೆ ಬಿದ್ದಳು. ಯಂತ್ರದ ವಿಷಯ ಹೇಳುವುದು ದೊಡ್ಡದಲ್ಲ. ಆದರೆ ಮಾಲಕನ ಹೆಸರು? ಮಾಲಕನೆಂದರೆ ಗಂಡ. ಗಂಡನ ಹೆಸರನ್ನು ಬಾಯಿಂದ ಹೇಳಿದರೆ ಅವನ ಆಯುಷ್ಯ ಸವೆಯುತ್ತದೆಂದು ಅಜ್ಜಿ ಹೇಳಿದ್ದಳು, ಅವ್ವ ಹೇಳಿದ್ದಳು, ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ಹೇಳಿರಲಿಲ್ಲ. ಅವನಾದರೂ ಅವಳ ಹೆಸರು ಹೇಳಿದವನೇ? ಲಗ್ನದ ದಿನ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಅಡ್ಡಗಟ್ಟಿ "ಹೆಂಡತಿ ಹೆಸರು ಹೇಳು, ಒಳಗ ಬಿಡತೇವಿ" ಎಂದು ಕಾಡಿದಾಗ ಪರಪ್ಪ ತಲೆಯಾಡಿಸಿ, ಕಾಲಸಂದಿಯಲ್ಲಿ ನುಸುಳಿ ಒಳಗೆ ಹೋಗಿದ್ದ. ಅಂದಿನಿಂದ ಅವಳು "ಏ" ಮತ್ತು "ಕೇಳಿದೇನ" ಎಂಬ ಎರಡು ಹೆಸರಿನಲ್ಲಿ ಬದುಕಿದ್ದಳು. ಅಷ್ಟು ಉದ್ದನೆಯ ಒಳ್ಳೆಯ ಹೆಸರು ತವರಿನ ಟ್ರಂಕಿನಲ್ಲಿಟ್ಟ ಪತ್ತಲ ಸೀರೆಯಂತೆ ಮಡಿಕೆ ಬಿಚ್ಚದೆ ಉಳಿದಿತ್ತು.

ಮರುದಿನ ಮೊದಲ ಗಂಟೆ ಬಾರಿಸಿತು. ಆಜರಾದ ಅಕ್ಕಿ ವ್ಯಾಪಾರಿ ಬಾಳಗೊಂಡ.

"ಇದು... ಮೆಣಸಿನಕಾಯಿ ಅಂಗಡ್ರಿ. ಧಣೀರ ಹೆಸರು... ಹೆಸರು ಏನಂದ್ರ..." ಎಂದು ಅವಳು ಅತ್ತಿತ್ತ ನೋಡಿದಳು. ಪಕ್ಕದ ಅಂಗಡಿಯಿಂದ ಬಸಗೊಂಡ ಕಿವಿ ನಿಮಿರಿಸಿದ್ದು ಅವಳಿಗೆ ಕಂಡಿತು. ಹೇಳದಿದ್ದರೆ ಕುರ್ಚಿ ಹೋಯಿತು, ಹೇಳಿದರೆ ಗಂಡನ ಆಯುಷ್ಯ. ಆ ಇಕ್ಕಟ್ಟಿನಲ್ಲಿ ಅವಳಿಗೆ ಹೊಳೆಯಿತು ನೋಡಿ! ಗಂಡನ ಹೆಸರನ್ನು ದೋಷವಿಲ್ಲದೆ ಹೇಳಲು ಹೆಂಗಸರಿಗೆ ಹಿರಿಯರು ಬಿಟ್ಟ ಬಾಗಿಲು ಒಂದಿದೆಯಲ್ಲ! ಮದುವೆಯಲ್ಲಿ, ಸೀಮಂತದ ಕುಬಸದಲ್ಲಿ, ಮುತ್ತೈದೆಯರು ಕೂಡಿದಲ್ಲಿ ಪ್ರಾಸ ಕಟ್ಟಿ, ನಡುವೆ ಗಂಡನ ಹೆಸರು ಹುದುಗಿಸಿ ಹೇಳುವ ಒಡಪು. ಅವಳು ಸೆರಗು ಸರಿಮಾಡಿಕೊಂಡು, ಫೋನಿಗೆ ಬಾಯಿಯಿಟ್ಟು ಒಂದೇ ಉಸಿರಿನಲ್ಲಿ ಹೇಳಿದಳು:

"ಕೆಂಪು ಮೆಣಸಿನಕಾಯಿ ಕುಟ್ಟಾಕ ಬೇಕು ಹಿಡಿ ಉಪ್ಪ,
ಈ ಅಂಗಡಿ ಧಣಿ ಅಂದ್ರ ನಮ್ಮವರು ಪರಪ್ಪ,
ನೀವಾಡಿದ್ದು ಯಂತ್ರದಾಗ ಉಳಿತೈತಿ, ಆಮ್ಯಾಲ ನನ್ನದಲ್ಲ ತಪ್ಪ!"

ಆ ಕಡೆ ಬಾಳಗೊಂಡ ಖೋ ಎಂದು ನಕ್ಕ. ಒಡಪು ಕೇಳಿದ ಮೇಲೆ ತಿರುಗಿ ಒಂದು ಒಡಪು ಹಾಕದಿದ್ದರೆ ಆ ಸೀಮೆಯಲ್ಲಿ ಮರ್ಯಾದೆ ಉಳಿಯುತ್ತದೆಯೇ? ಅವನೂ ಯೋಚಿಸಿ ಯೋಚಿಸಿ ತನ್ನ ಹೆಂಡತಿ ರಾಯವ್ವನ ಮೇಲೊಂದು ಕಟ್ಟಿ ಹೇಳುವಷ್ಟರಲ್ಲಿ ಒಂದು ಕರೆಗಿದ್ದ ಮೂರು ಮಿನಿಟು ಮುಗಿದು ತಂತಿ ಕಡಿಯಿತು. ವ್ಯಾಪಾರದ ಮಾತಿಗೆ ಮತ್ತೊಂದು ಟ್ರಂಕ್ ಕಾಲ್ ಹಚ್ಚಬೇಕಾಯಿತು.

ಆಮೇಲಿನ ಕಥೆ ಕೇಳುವುದೇ ಬೇಡ. ಸುದ್ದಿ ಹಬ್ಬಿಸಲು ಫೋನಿಗಿಂತ ಬೇರೆ ಬೇಕೇ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುವ ಧೋಂಡಿಬಾ ಕೂತಲ್ಲೇ ಎಲ್ಲವನ್ನೂ ಕೇಳಿಸಿಕೊಂಡು ಊರಿಂದೂರಿಗೆ ದಾಟಿಸಿದ. ಮೆಣಸಿನಕಾಯಿ ಬೇಡದವರೂ ಮೆಣಸಿನಕಾಯಿಯ ಧಾರಣೆ ಕೇಳತೊಡಗಿದರು. ಇಪ್ಪತ್ತು ವರ್ಷ ಹೆಂಡತಿಯ ಹೆಸರೆತ್ತದ ಗಂಡಸರು ತಂತಿಯ ಮೇಲೆ ಒಡಪು ಹಾಕಿ, ಹಾಕಿದ ಮೇಲೆ ನಾಚಿ, ಬಂದ ಕೆಲಸ ಮರೆತು ಫೋನು ಇಡುತ್ತಿದ್ದರು. ಗುರುಸಿದ್ದವ್ವ ಸೋಮವಾರಕ್ಕೊಂದು, ಸಂತೆಗೊಂದು ಹೊಸ ಒಡಪು ಕಟ್ಟಿದಳು. ಪ್ರತಿ ಒಡಪಿನಲ್ಲೂ ಪರಪ್ಪನ ಹೆಸರು ಇರುತ್ತಿತ್ತು, ಯಂತ್ರದ ಸಂಗತಿ ಇರುತ್ತಿತ್ತು. ನಿಯಮಕ್ಕೆ ಕೂದಲೆಳೆಯಷ್ಟೂ ಮೋಸವಿಲ್ಲ. ಪರಪ್ಪ ಮಾತ್ರ ತನ್ನ ಹೆಸರು ಕೇಳಿದಾಗಲೆಲ್ಲ ಕೆಂಪಗಾಗಿ ಚೀಲಗಳ ಹಿಂದೆ ಸರಿಯುತ್ತಿದ್ದ.

"ಇದು ಅಂಗಡೀನೋ, ಲಗ್ನದ ಹಂದರಾನೋ?" ಎಂದು ಬಸಗೊಂಡ ಕಂಬವನ್ನು ಕೇಳಿದ.

ಆಗಲೇ ಕೊಲ್ಹಾಪುರದ ಆಬಾಸಾಹೇಬರ ಲಾರಿಯ ಪ್ರಸಂಗ ಬಂತು. ಆಬಾಸಾಹೇಬರೆಂದರೆ ದೊಡ್ಡ ಮಸಾಲೆ ವ್ಯಾಪಾರಿ, ದೊಡ್ಡ ಮೀಸೆ, ದೊಡ್ಡ ದನಿ. ಫೋನಿನಲ್ಲಿ ಅರವತ್ತು ಚೀಲ ಮೆಣಸಿನಕಾಯಿ ಕಳಿಸಲು ಹೇಳಿದರು. ಲಾರಿ ಕೊಲ್ಹಾಪುರ ಮುಟ್ಟುವಷ್ಟರಲ್ಲಿ ಧಾರಣೆ ಇಳಿಯಿತು. "ನಾ ಎಲ್ಲಿ ಹಂಗ ಅಂದೆ? ಮಾಲ ವಾಪಸ್ ಒಯ್ಯಿರಿ," ಎಂದುಬಿಟ್ಟರು. ಲಾರಿ ಅವರ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತೇ ಇತ್ತು. ಓಣಿಗೆ ಓಣಿಯೇ ಸೀನಿತು. ಸೀನುಗಳ ನಡುವೆ ಯಾರಿಗೂ ಒಂದು ಮಾತು ಪೂರ್ತಿಯಾಗಿ ಆಡಲು ಬರಲಿಲ್ಲವಂತೆ.

ಸಂಘದ ಸಭೆ ಧನಪಾಲನ ಅಂಗಡಿಯ ಅಟ್ಟದ ಮೇಲೆ ಕೂಡಿತು. ಆಬಾಸಾಹೇಬರು ಮೋಟಾರಿನಲ್ಲಿ ಬಂದರು. ಸಭೆ ಮುಗಿಸಿ ಹೆಂಡತಿಯನ್ನು ಉತ್ತೂರಿನ ತವರಿಗೆ ಬಿಡುವುದಿತ್ತು, ಆದ್ದರಿಂದ ಮಾಣಿಕಬಾಯಿಯೂ ಜೊತೆಗಿದ್ದಳು. ಮೂಲೆಯ ಚಾಪೆಯ ಮೇಲೆ ಅವಳೂ ಗುರುಸಿದ್ದವ್ವನೂ ಪಕ್ಕಪಕ್ಕದಲ್ಲಿ ಕುಳಿತರು. ಮಾಣಿಕಬಾಯಿ ಎಲೆಯಡಿಕೆಯ ಚೀಲ ಬಿಚ್ಚಿ ಒಂದು ಎಲೆ ಮಡಿಸಿ ಕೊಟ್ಟಳು. ಗುರುಸಿದ್ದವ್ವನಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ, ಎಲೆ ಕೈಯಲ್ಲೇ ಉಳಿಯಿತು.

ಪರಪ್ಪ ಯಂತ್ರ ತಿರುಪಿದ. "ಅರವತ್ತು ಚೀಲ ಕಳಸ್ರಿ, ನಾಳೀನs ಕಳಸ್ರಿ," ಎಂದು ಆಬಾಸಾಹೇಬರ ದನಿ ಅಟ್ಟ ನಡುಗಿಸಿತು. ಸಭೆ ಅವರ ಮುಖ ನೋಡಿತು.

ಆಬಾಸಾಹೇಬರು ಮೀಸೆ ತೀಡಿದರು. "ದನಿ ನಂದs ಐತಿ. ನಾ ಇಲ್ಲಂತ ಅನ್ನಾಂಗಿಲ್ಲ. ಆದ್ರ ನಿಯಮ ಏನ ಹೇಳತೈತಿ? ಮೊದಲ ತಿಳಸಬೇಕು. ನನಗ ಯಾರ ತಿಳಿಸ್ಯಾರ? ವೈನಿಯವರು, ಅಂದ್ರ ಪರಪ್ಪನ ಮನಿಯವರು, ಒಂದು ಒಡಪು ಹಾಕಿದ್ರು. ಚಲೋ ಇತ್ತು. ಪಾಹುಣಚಾರ, ಬಂದವರಿಗೆ ಮಾಡೋ ಉಪಚಾರ ಅಂತ ಕೇಳ್ದೆ. ಒಡಪು ಹಂದರದಾಗಿಂದು, ಅದು ನೋಟೀಸ ಹೆಂಗ ಆದೀತು? ಅಧ್ಯಕ್ಷರs ಹೇಳ್ಲಿ."

ಸಭೆ ಎರಡು ಹೋಳಾಯಿತು. ಹೌದೆಂದವರು ಅರ್ಧ, ಅಲ್ಲವೆಂದವರು ಅರ್ಧ. ಬಸಗೊಂಡ ಕಾದಿದ್ದ ದಿನ ಬಂದಿತ್ತು. ಅಟ್ಟದ ಕಂಬಕ್ಕೆ ಮುಖ ಮಾಡಿ ನಿಂತ.

"ನಾ ಅವತ್ತs ಹೇಳಿದ್ದೆ. ಚಾಷ್ಟಿ ಮಾಡಿದ್ದು ನೋಟೀಸ ಅಲ್ಲ. ನಿಯಮ ತಪ್ಪೇತಿ. ಫೋನ ಹಿಡದವರು ಇನ್ನ ಫೋನ ಮುಟ್ಟಬಾರದು. ನಿಯಮ ಅಂದ್ರ ನಿಯಮ."

ಧನಪಾಲ ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದ. "ಕೇಳಿದವರಿಗೆ ಅದು ತಿಳುವಳಿಕಿ ಅಂತ ತಿಳದಿದ್ರ ನೋಟೀಸ. ತಿಳೀದಿದ್ರ ಬರೇ ಹಾಡು. ಆಬಾಸಾಹೇಬರಿಗೆ ತಿಳದಿತ್ತು ಅನ್ನಾಕ ಏನ ಆಧಾರ ಐತಿ?"

ಆಧಾರ ಏನಿದೆ ಎಂಬುದು ಗುರುಸಿದ್ದವ್ವನಿಗೆ ಗೊತ್ತಿತ್ತು. ಸುರುಳಿಯಲ್ಲಿ ಅವಳ ಒಡಪಿಗೂ ಅರವತ್ತು ಚೀಲಕ್ಕೂ ನಡುವೆ ಇನ್ನೊಂದು ಮಾತಿತ್ತು. ಪರಪ್ಪ ನಾಚಿ ಅದನ್ನು ದಾಟಿಸಿ ತಿರುಪಿದ್ದ. ಅವಳಿಗೂ ಬಾಯಿ ಬರಲಿಲ್ಲ. ಪಕ್ಕದಲ್ಲಿ ಆ ಮನುಷ್ಯನ ಹೆಂಡತಿ ಕೂತಿದ್ದಾಳೆ, ಅವರ ಮನೆಯ ಮಾತನ್ನು ಸಭೆಯಲ್ಲಿ ಹೇಗೆ ಬಿಚ್ಚುವುದು? ಆದರೆ ಸುಮ್ಮನಿದ್ದರೆ ನಾಳೆ ಗಂಟೆ ಬಾರಿಸಿದಾಗ ಅವಳು ಒಲೆಯ ಮುಂದೆ ಕೂತು ಕೇಳಬೇಕು, ಇನ್ನು ಮುಂದೆ ಎಂದೆಂದಿಗೂ ಬರೇ ಕೇಳಬೇಕು. ಅದನ್ನು ನೆನೆದಾಗ ಅವಳ ಕಣ್ಣಲ್ಲಿ ನೀರಾಡಿತು. ಎದ್ದು ನಿಂತಳು.

"ಸುರುಳಿ ಮೊದಲಿಂದ ಹಾಕ್ಲಿ ಅಂತ ಹೇಳ್ರಿ ಅಧ್ಯಕ್ಷರ."

"ಬ್ಯಾಡ, ಬ್ಯಾಡ!" ಆಬಾಸಾಹೇಬರು ಕುಳಿತಲ್ಲಿಂದ ಜಿಗಿದರು. "ಹಿಂದ ತಿರಗಸೋದು ಬ್ಯಾಡ! ಒಡಪು ಹಾಕಿದ್ದು ಖರೆ ಅಂತ ನಾ ಆಗಲೇ ಒಪ್ಕೊಂಡೇನಲ್ಲಾ!"

"ಹಾಕತೇನ್ರಿ," ಎಂದಳು ಗುರುಸಿದ್ದವ್ವ. "ಅವತ್ತೂ ನಿಮಗ ಹೇಳೇ ಹಿಡದೇನಿ, ಇವತ್ತೂ ಹೇಳೇ ಹಾಕತೇನಿ."

ಅವಳೇ ತಿರುಪಿದಳು. ಮೊದಲು ಅವಳ ಒಡಪು ಬಂತು. ಹಿಂದೆಯೇ ಆಬಾಸಾಹೇಬರ ಗಹಗಹ ನಗೆ. ಆಮೇಲೆ ಅವರ ಮಾತು:

"ಯಂತ್ರದಾಗ ಉಳಿತೈತೇನ್ರಿ ವೈನಿ? ವಾ! ಹಂಗಾರ ನಂದೂ ಒಂದ ಉಳೀಲಿ, ಬರಕೋ ಯಂತ್ರಾ!

ಊರಿಗೆಲ್ಲ ಖಾರ ಹಂಚತೇನಿ ಮಾರಿ ಮೆಣಸಿನಕಾಯಿ,
ಮನಿಗಿ ಬಂದ್ರ ನಾಲಿಗಿ ಸಿಹಿ ಮಾಡಾಕಿ ನಮ್ಮ ಮಾಣಿಕಬಾಯಿ!"

ಧನಪಾಲನ ಹೊಟ್ಟೆ ಮೊದಲು ಕುಣಿಯಿತು, ಅದರ ಹಿಂದೆ ಸಭೆಯೆಲ್ಲ ಕುಣಿಯಿತು. ಯಂತ್ರದಾಗ ನಂದೂ ಉಳೀಲಿ ಎಂದವನು ಯಂತ್ರ ಇದ್ದದ್ದು ತಿಳಿಯದು ಎಂದರೆ ನಂಬುವವರು ಯಾರು? ಆಬಾಸಾಹೇಬರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು, ಒರೆಸಿದಷ್ಟೂ ಕೆಂಪಗಾದರು.

ಮಾಣಿಕಬಾಯಿ ಮಾತ್ರ ನಗಲಿಲ್ಲ. ಕೈಯಲ್ಲಿನ ಅಡಿಕೆ ಹಿಡಿದ ಹಾಗೇ ಕೂತಿದ್ದಳು. ಆಮೇಲೆ ಸೆರಗಿನ ಮರೆಯಿಂದ, "ಇನ್ನೊಮ್ಮಿ ಹಾಕ್ರಿ," ಎಂದಳು. ಹಾಕಿದರು. "ಇನ್ನೊಮ್ಮಿ," ಎಂದಳು. ಮೂರನೆಯ ಸಲ ಕೇಳಿ ಮುಗಿದ ಮೇಲೆ ಗಂಡನ ಕಡೆ ನೋಡಿದಳು.

"ಅಹೋ, ಇಪ್ಪತ್ತೆರಡು ವರ್ಷ ಆತು, ನನ್ನ ಹೆಸರು ನಿಮ್ಮ ಬಾಯಾಗ ನಾ ಇವತ್ತ ಕೇಳಾಕತ್ತೇನಿ. ಅರವತ್ತು ಚೀಲ ಸುಮ್ಮನ ಇಳಿಸ್ಕೋರಿ."

ಆಬಾಸಾಹೇಬರು ಕೈ ಮುಗಿದರು. "ಇಳಿಸ್ಕೋತೇನಿ, ಇಳಿಸ್ಕೋತೇನಿ. ಪರಪ್ಪ, ಮಾರಾಯಾ, ನೀನs ಬಂದು ತೂಕ ಮಾಡಿಸ್ಕೊಡು. ಓಣಿ ಮಂದಿ ಸೀನಿ ಸೀನಿ ನನಗ ಶಾಪ ಹಾಕಾಕತ್ತಾರ."

ಒಡಪು ಹಾಕಿದರೂ ನೋಟೀಸು ನೋಟೀಸೇ ಎಂದು ಗುಮಾಸ್ತ ಪುಸ್ತಕದಲ್ಲಿ ಬರೆದುಕೊಂಡ. ಕುರ್ಚಿ ಉಳಿಯಿತು. ಬಸಗೊಂಡ ಕಂಬಕ್ಕೂ ಏನೂ ಹೇಳದೆ ಮೆಟ್ಟಿಲಿಳಿದ.

ಗೆದ್ದ ಗುರುಸಿದ್ದವ್ವ ಮನೆಗೆ ಬಂದು ಹೋಳಿಗೆ ಮಾಡಬೇಕಿತ್ತು, ಮಾಡಿದಳು ಕೂಡ. ಆದರೆ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಹೆಸರು ಕೇಳಿದಾಗ ಮಾಣಿಕಬಾಯಿಯ ಮುಖ ಹೇಗಿತ್ತೆಂಬುದನ್ನು ಅವಳು ಮಗ್ಗುಲಲ್ಲೇ ಕೂತು ನೋಡಿದ್ದಳು. ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇನು? ಊರೂರಿನ ಗಂಡಸರೆಲ್ಲ ತಂತಿಯ ಮೇಲೆ ಬಂದು ತಮ್ಮ ತಮ್ಮ ಹೆಂಡಿರ ಹೆಸರನ್ನು ಇವಳ ಯಂತ್ರದೊಳಗೆ ತುಂಬಿ ಹೋದರು. ಇವಳ ಹೆಸರೊಂದೇ ಅದರಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ಪರಪ್ಪ ತೂಕ ಮಾಡಿಸಲು ಬೆಳಗಿನ ಬಸ್ಸಿಗೆ ಕೊಲ್ಹಾಪುರಕ್ಕೆ ಹೋದ. ಮಧ್ಯಾಹ್ನ ಫೋನು ಬಾರಿಸಿತು.

"ವೈನಿ, ಕೊಲ್ಹಾಪುರದಿಂದ ಟ್ರಂಕ್," ಎಂದ ಧೋಂಡಿಬಾ. "ಆದ್ರ ಯಾರೋ ಏನೋ, ಆ ಕಡೆ ಏನೂ ಮಾತಾಡವಲ್ರು."

ಯಾರೆಂದು ಅವಳಿಗೆ ತಿಳಿಯಿತು. ಆದರೂ ನಿಯಮ ನಿಯಮವೇ, ಫೋನು ಮಾಡಿದವನು ಗಂಡನಾದರೇನು? ತಿರುಪು ತಿರುಗಿಸಿ, ಗಂಡನಿಗೇ ಗಂಡನ ಹೆಸರಿನ ಒಡಪು ಹೇಳಿದಳು. ನೀವಾಡಿದ್ದು ಯಂತ್ರದಾಗ ಉಳಿತೈತಿ ಎನ್ನುವಾಗ ಅವಳಿಗೇ ನಗೆ ಬಂತು.

ಆ ಕಡೆ ಮಾತಿಲ್ಲ.

"ತಲಿ ಹಾಕಾಕತ್ತೀರೇನ್ರಿ? ನನಗ ಕಾಣಂಗಿಲ್ಲ."

ದೂರದಲ್ಲಿ ಆಬಾಸಾಹೇಬರ ದನಿ ಕೇಳಿಸಿತು. "ಹೇಳೋ ಮಾರಾಯಾ! ಮುಂಜಾನಿಂದ ಬಾಯಿಪಾಠ ಮಾಡಾಕತ್ತೀಯಲ್ಲ, ಹೇಳು!"

ಒಂದು ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಪರಪ್ಪನ ದನಿ, ಮಳೆಗಾಲದ ಕೆಸರಲ್ಲಿ ಬಂಡಿ ಎಳೆದ ಹಾಗೆ, ಒಂದೊಂದೇ ಶಬ್ದ:

"ಕೊಲ್ಹಾಪುರಕ... ದೊಡ್ಡಾಕಿ... ದೇವಿ ಅಂಬಾಬಾಯಿ ಅವ್ವ. ನನ್ನ ಮನಿಗಿ... ದೊಡ್ಡಾಕಿ..."

ಅಲ್ಲಿಗೆ ಗಾಲಿ ಹೂತಿತು. ತಂತಿಯ ನಡುವೆ ಧೋಂಡಿಬಾ ಪಿಸುಗುಟ್ಟಿದ. "ಮೂರು ಮಿನಿಟ ಆದೂರಿ... ಇರ್ಲಿ, ಹೇಳ್ರಿ. ನಾ ಗಡಿಯಾರ ನೋಡಿಲ್ಲ."

"...ನಮ್ಮ ಗುರುಸಿದ್ದವ್ವ."

ಫೋನು ಕಡಿಯಿತು. ಅವಳು ಆ ಕಪ್ಪು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಒಲೆಯ ಮೇಲೆ ರೊಟ್ಟಿ ಕರಕಾಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪರಪ್ಪ ಮನೆಗೆ ಬಂದ. ಏನೂ ಆಗಿಲ್ಲವೆಂಬಂತೆ ಚಪ್ಪಲಿ ಬಿಟ್ಟು, ಗೋಡೆ ನೋಡುತ್ತ ಕುಳಿತ.

"ಏ, ಕೇಳಿದೇನ? ನೀರ ಕೊಡು."

ಅವಳು ತಂಬಿಗೆ ತಂದು ಮುಂದಿಟ್ಟಳು. "ಮಧ್ಯಾಹ್ನ ಫೋನಿನ್ಯಾಗ ಏನೋ ಅಂದ್ರೆಲ್ರಿ?"

ಪರಪ್ಪನ ಕಿವಿ ಕೆಂಪಾದವು. "ನಾ ಎಲ್ಲಿ ಹಂಗ ಅಂದೆ?"

"ನಾ ಮೊದಲs ತಿಳಿಸಿ ಹಿಡದೇನ್ರಿ," ಎಂದು ಗುರುಸಿದ್ದವ್ವ ಯಂತ್ರದ ತಿರುಪು ತಿರುಗಿಸಿದಳು. ಕೆಮ್ಮು, ಇನ್ನೊಂದು ಕೆಮ್ಮು, ಅಂಬಾಬಾಯಿ, ಆಮೇಲೆ ಮಡಿಕೆ ಬಿಚ್ಚಿ ಬಂದ ಆ ಉದ್ದನೆಯ ಹೆಸರು ಮನೆ ತುಂಬಿತು. ಗೋಡೆಯಾಚೆ ಬಸಗೊಂಡನೂ ಕೇಳಿರಬೇಕು. ಅವಳು ಸೊಂಟದ ಮೇಲೆ ಕೈಯಿಟ್ಟು ಗಂಡನ ಮುಂದೆ ನಿಂತಳು.

"ಈಗ ಹೇಳ್ರಿ. ಅಂದದ್ದು ಖರೆ ಹೌದೋ ಅಲ್ಲೋ?"

ಪರಪ್ಪ ತಲೆಯಾಡಿಸಿದ. ಈ ಸಲ ಅದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.